ಎರಡು ಜೋಲಿಗಳು

ಹಡಗಿನ ಹೊಲಿಗೆ ಕೋಣೆ
ಹನ್ನೆರಡನೇ ತಾರೀಕು, ಬುಧವಾರ, ಊಟವಾದ ಮೇಲೆ

ನನ್ನ ಗುಂಡುಸೂಜಿಗೆ,

ನಿನ್ನ ಕೈಗೇನು ಗೆದ್ದಲು ಹಿಡಿದಿದೆಯಾ? ಹಡಗು ಬಿಟ್ಟು ಇಳಿದು ಹೋದವಳು ಅಜ್ಜಿಗೆ ಒಂದು ಗೆರೆ ಬರೆದಿಲ್ಲ. ನೆಟ್ಟಗೆ ಕೂತು ಓದು, ಮಲಗಿಕೊಂಡು ಓದಬೇಡ. ಮೈಗೆ ಹುಷಾರಾಗಿದ್ದೀಯಾ? ಹಗ್ಗ ಉಜ್ಜಿ ಸುಲಿದಿದ್ದ ಅಂಗೈ ಮಾಗಿತೇ? ನಿನ್ನ ಸೋದರತ್ತೆ ಹೊಟ್ಟೆ ತುಂಬ ಅನ್ನ ಹಾಕುತ್ತಾಳೋ, ಬರೀ ಮಾತು ಬಡಿಸುತ್ತಾಳೋ? ಅವಳನ್ನು ಹೆತ್ತವಳು ನಾನೇ, ಅದಕ್ಕೇ ಅನುಮಾನ. ಅಕ್ಷರ ಕುಂಬಳಕಾಯಿ ಗಾತ್ರ ಆಗಿದೆ ಅಂತ ನಗಬೇಡ. ನಮ್ಮ ಹಳ್ಳಿ ಶಾಲೆ ಮೂರನೇ ಕ್ಲಾಸಿಗೇ ಮುಗಿಯುತ್ತಿತ್ತು. ಸಣ್ಣಗೆ ಬರೆಯುವುದನ್ನು ನಾಲ್ಕರಲ್ಲಿ ಕಲಿಸುತ್ತಿದ್ದರೇನೋ.

ನಾನು ಗಟ್ಟಿಯಾಗಿದ್ದೇನೆ. ಹಡಗು ಲಂಗರು ಹಾಕಿ ನಿಂತಿದೆ. ಗಾಳಿ ನಂಬಿ ಹಡಗು ನಡೆಸುವುದನ್ನು ಕಲಿಯಲು ಬಂದ ನಿನ್ನ ಜೊತೆಯ ಮಕ್ಕಳೆಲ್ಲ ಇದ್ದಾರೆ, ನೀನೊಬ್ಬಳೇ ಇಲ್ಲ. ಕೆಳಗಿನ ಉದ್ದ ಕೋಣೆ ಹಾಗೇ ಇದೆ. ಅದೇ ಕೋಣೆಯಲ್ಲಿ ಊಟ, ಪಾಠ, ಜಗಳ. ಮೇಜು ಮಡಿಸಿ ತೊಲೆಯ ಕೊಕ್ಕೆಗಳಿಗೆ ಜೋಲಿ ಕಟ್ಟಿದರೆ ಮಲಗುವ ಮನೆ. ಡಾಂಬರು, ಸೋಪು, ಒದ್ದೆ ಸಾಕ್ಸು ಮೂರೂ ಸೇರಿದ ವಾಸನೆ. ಮೂಗು ಮುಚ್ಚಿಕೊಳ್ಳುತ್ತಿದ್ದೆಯಲ್ಲ, ಈಗ ನೆನಪಾಗುತ್ತದೆಯೇ?

ಬೆಳಗಿನ ಜಾವ ಕಾವಲು ಮುಗಿಸಿದವರು ಮಧ್ಯಾಹ್ನ ಮಲಗುತ್ತಾರೆ, ನಾನೂ ಮಲಗುತ್ತೇನೆ. ಮೇಲಿನ ಹಲಗೆಗೆ ಕೂರಿಸಿದ ದಪ್ಪ ಗಾಜಿನಿಂದ ಹಸಿರು ಬೆಳಕು ಇಳಿಯುತ್ತದೆ, ಕೆರೆಯ ತಳದಲ್ಲಿ ಮಲಗಿದ ಹಾಗೆ. ಹಡಗು ವಾಲಿದರೆ ಗೋಡೆ ವಾಲುತ್ತದೆ, ಮೇಜು ವಾಲುತ್ತದೆ, ಜನ ಮಲಗಿದ ಜೋಲಿಗಳು ಮಾತ್ರ ನೆಟ್ಟಗೆ ನಿಲ್ಲುತ್ತವೆ. ನೋಡುತ್ತಾ ಇದ್ದರೆ ನಾವೆಲ್ಲ ನಿಂತಲ್ಲೇ ನಿಂತು, ಯಾರೋ ಹಡಗನ್ನೇ ತೊಟ್ಟಿಲ ಹಾಗೆ ತೂಗುತ್ತಿದ್ದಾರೆ ಅನ್ನಿಸುತ್ತದೆ. ನಿನ್ನ ಜೋಲಿಯೊಂದು ಖಾಲಿಯಾಗಿ ಪಟಪಟ ಅನ್ನುತ್ತಿತ್ತು. ಹಳೆಯ ಹಾಯಿಬಟ್ಟೆ ಮಡಿಸಿ ಒಳಗಿಟ್ಟೆ. ಭಾರಕ್ಕೆ ಸುಮ್ಮನಾಯಿತು. ಅರೆನಿದ್ದೆಯಲ್ಲಿ ನೋಡಿದರೆ ನೀನೇ ಮುದುಡಿಕೊಂಡು ಮಲಗಿದ ಹಾಗೆ. ನಿನ್ನೆ, "ಕಾಲು ಒಳಗೆ ಎಳ್ಕೊಳ್ಳೇ" ಅಂತ ಬೈದೂಬಿಟ್ಟೆ. ಪಕ್ಕದ ಜೋಲಿಯ ಹುಡುಗಿ ಹೆದರಿ ತನ್ನ ಕಾಲು ಎಳೆದುಕೊಂಡಳು.

ನಿಯಮ ನಿನಗೆ ಗೊತ್ತು. ಬೆಳಿಗ್ಗೆ ಜೋಲಿ ಸುತ್ತಿ, ಬಿಗಿದು, ಅಟ್ಟಕ್ಕೆ ಕೊಡಬೇಕು. ಯಾವ ಕೊಕ್ಕೆಯ ಜೋಲಿ ಬರಲಿಲ್ಲವೋ ಆ ಕೊಕ್ಕೆ ಬೇರೆಯವರ ಪಾಲು. ಹಾಗಾಗಿ ನಿನ್ನದನ್ನೂ ನಾನೇ ಕಟ್ಟಿ, ಬಿಚ್ಚಿ, ಸುತ್ತಿ ಕೊಡುತ್ತಿದ್ದೇನೆ. ಹಗ್ಗದ ಮೇಸ್ತ್ರಿ ಮೊನ್ನೆ ಹಿಡಿದುಬಿಟ್ಟ. "ಅಜ್ಜೀ, ಒಬ್ಬರಿಗೆ ಎರಡು ಜೋಲಿ ಯಾಕೆ?" ಅಂದ. "ಒಂದು ನನಗೆ, ಇನ್ನೊಂದು ನನ್ನ ಬಾಯಿಗೆ" ಅಂದೆ. "ಹಾಗಾದ್ರೆ ದೊಡ್ಡದು ಬಾಯಿಗೇ ಕೊಡಿ" ಅಂತ ನಗುತ್ತಾ ಹೋದ. ಒಳ್ಳೆಯವನೇ. ಆದರೆ ತಿಂಗಳ ಕೊನೆಗೆ ಹೊಸ ಮಕ್ಕಳು ಹತ್ತುತ್ತಾರೆ, ಆಮೇಲೆ ಅವನೂ ಕಣ್ಣು ಮುಚ್ಚಿಕೊಂಡಿರಲಾರ.

ನೀನು ಹಾಯಿಕಂಬ ಹತ್ತಿ ಅರ್ಧದಲ್ಲಿ ಅದನ್ನೇ ತಬ್ಬಿಕೊಂಡು ಅತ್ತುಬಿಟ್ಟೆ, ಇಬ್ಬರು ಹಿಡಿದು ಇಳಿಸಿದರು. ಆಯಿತು, ಅದಕ್ಕೇನೀಗ? ನಿನ್ನನ್ನು "ಗೋಂದು" ಅಂತ ಅಣಕಿಸಿದ ಉದ್ದನೆಯವನು, ಲಂಗರು ಹಾಕುವ ಮುಂಚೆ ಜೋರು ಗಾಳಿಗೆ ಅಲೆ ಎದ್ದಾಗ, ತನ್ನ ಬೂಟಿಗೇ ವಾಂತಿ ಮಾಡಿಕೊಂಡ. ಈ ಹಡಗಿನ ಹಾಯಿ ಹೊಲಿಯುತ್ತಲೇ ನನ್ನ ತಲೆ ನರೆತಿದೆ. ಇವತ್ತಿನವರೆಗೆ ಮೇಜಿಗಿಂತ ಎತ್ತರ ಹತ್ತಿದವಳಲ್ಲ ನಾನು. ಅದೇ ಗಾಳಿಗೆ ನಡುಹಾಯಿಯ ಹೊಲಿಗೆ ಬಾಯಿ ಬಿಟ್ಟಿತು. ಮುಂದಿನ ಸಣ್ಣ ಹಾಯಿ, ನನ್ನ ಪಕ್ಕ ಕೂತು ಗೊಣಗುತ್ತಾ ನೀನು ಹೊಲಿದದ್ದು, ಒಂದೆಳೆ ಬಿಡದೆ ನಿಂತಿತು. "ಯಾರು ಹೊಲಿದದ್ದು ಇದು?" ಅಂತ ಕ್ಯಾಪ್ಟನ್ ಕೇಳಿದರು. "ಊರಿಗೆ ಹೋಗಿದಾಳೆ, ಬರ್ತಾಳೆ" ಅಂದೆ. ಸುಳ್ಳೋ ನಿಜವೋ ನೀನೇ ಹೇಳಬೇಕು.

ಅತ್ತೆಗೆ ಕೇಳಿದೆ ಅಂತ ಹೇಳು. ನೂರ್ಕಾಲ ಚೆನ್ನಾಗಿರು, ತಲೆಗೆ ಎಣ್ಣೆ ಹಾಕಿಕೋ.

ನಿನ್ನ ಅಜ್ಜಿ, ಬಾಯಿ ಸಮೇತ

ಅಂಚೆ ದೋಣಿ ಆಗಲೇ ಕೂಗುತ್ತಿದೆ, ಒಂದು ಮಾತು ಮರೆತಿದ್ದೆ. ಹೋಗುವ ಹಿಂದಿನ ಸಂಜೆ ನನ್ನ ಡಬ್ಬಿಯ ಸೂಜಿಗಳಿಗೆಲ್ಲ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟು ಹೋದೆಯಲ್ಲ. ನಾನು ಕೇಳಿರಲಿಲ್ಲ, ನೀನೂ ಹೇಳಲಿಲ್ಲ. ಅವುಗಳಲ್ಲಿ ಈಗ ಒಂದೇ ಉಳಿದಿದೆ. ದಾರ ಪೋಣಿಸಿಕೊಡು ಅಂತ ಬೇರೆ ಯಾರನ್ನಾದರೂ ಕೇಳಿದರೆ, ಅಜ್ಜಿಗೆ ಕಣ್ಣು ಕಾಣದು ಅಂತ ಹಡಗೆಲ್ಲ ಸುದ್ದಿಯಾಗಿ ನನ್ನನ್ನು ಪೆಟ್ಟಿಗೆ ಸಮೇತ ದಡಕ್ಕೆ ಇಳಿಸಿಬಿಡುತ್ತಾರೆ. ಹೊಲಿಗೆ ಕೋಣೆಗೆ ಕಂಬ ಹತ್ತುವವರು ಬೇಕಿಲ್ಲ ಕಣೇ. ಬರುತ್ತೀಯೋ ಇಲ್ಲವೋ, ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ. ಅಕ್ಷರ ದೊಡ್ಡದಾಗಿ ಬರೆ.