ವೈಫೈಗೆ ಇಟ್ಟ ಹೆಸರು

ಎರ್ಮಾಳ್,
ಮಂಗಳವಾರ

ತೃಪ್ತಿಯ ಅಪ್ಪನಿಗೆ,

ನಿಮ್ಮ ಬೋಟು ನಿಂತಿರುವ ಗೋವಾಕ್ಕೆ ಹೊರಟ ಮೀನಿನ ಲಾರಿಯಲ್ಲಿ ಚಂದಣ್ಣನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಇದನ್ನು ಫೋನಿನಲ್ಲಿ ಹೇಳಬಾರದೆಂದು ಮಗಳ ಕಟ್ಟಪ್ಪಣೆ.

ನಮ್ಮ ವೈಫೈಯಲ್ಲಿ ಗುರುತಿಲ್ಲದ ಹನ್ನೊಂದು ಫೋನುಗಳು ಸೇರಿಕೊಂಡಿದ್ದವು. ಬೋಟಿನ ಹೆಸರನ್ನೇ ಪಾಸ್‌ವರ್ಡ್ ಮಾಡಿದವರು ನೀವು. ಅದನ್ನು ಬೋಟಿನ ಎರಡೂ ಬದಿಗೆ ಆಳೆತ್ತರದ ಅಕ್ಷರದಲ್ಲಿ ಬರೆಸಿದವರೂ ನೀವೇ. ಇನ್ನು ಕಳ್ಳರಿಗೆ ಎಂತ ಕಷ್ಟ? ಕೇಳಿದವರಿಗೆಲ್ಲ ಹೇಳಿದವಳು ನಾನು, ಅದನ್ನೂ ಒಪ್ಪುತ್ತೇನೆ. ಬ್ಯಾಂಕಿನ ಕೆಲಸವೂ ಅದರಲ್ಲೇ ಅಲ್ವಾ, ಕೂಡಲೇ ಖಾತೆ ನೋಡಿದೆ. ಪುಣ್ಯಕ್ಕೆ ಏನೂ ಹೋಗಿಲ್ಲ.

"ಅಮ್ಮ, ನಿನ್ನ ಬಾಯಿಂದ ಯಾವತ್ತೂ ಹೊರಗೆ ಬಾರದ್ದು ಎಂತ ಉಂಟು?" ಎಂದು ಕೇಳಿದ ತೃಪ್ತಿ, ಅವಳೇ ನಕ್ಕು, ನಿಮ್ಮ ಹೆಸರನ್ನು ಪಾಸ್‌ವರ್ಡಿಗೆ ಸೇರಿಸಿದಳು. ಗಂಡನ ಹೆಸರು ಹೇಳುವವಳಲ್ಲವಲ್ಲ ನಾನು. ನಿನ್ನೆ ಪಕ್ಕದ ಮನೆಯ ರತ್ನಾವತಿ ಅಕ್ಕ ಪಾಸ್‌ವರ್ಡ್ ಕೇಳಿದಾಗ ನಾಚಿ ಒಳಗೆ ಓಡಿದೆ.

ಹೆಸರಿನ ಜೊತೆಗೆ ಅಂಕಿ, ಚಿಹ್ನೆಗಳೂ ಉಂಟು. ನೀವು ಬಂದಾಗ ಹೇಳುತ್ತೇನೆ. ದಯವಿಟ್ಟು ಅವನ್ನು ಬೋಟಿನ ಮೇಲೆ ಬರೆಸಬೇಡಿ.

ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ನನ್ನ ಫೋನಿಗೆ ಹೊಸ ಪಾಸ್‌ವರ್ಡನ್ನು ನಾನೇ ಒತ್ತಿದೆ. ಅರ್ಜಿಗಳನ್ನು ಬಿಟ್ಟರೆ, ನಿಮ್ಮ ಹೆಸರು ನನ್ನ ಕೈಯಿಂದ ಬಂದದ್ದು ಇದೇ ಮೊದಲು. ಒಂದೇ ಸಲಕ್ಕೆ ನೆಟ್ ಬಂತು.

ಇಂತಿ,
ತೃಪ್ತಿಯ ಅಮ್ಮ