ಆಯಿ ಕೇಳಿದ ಕಡುಬು

ಮಮದಾಪುರ
2-3-2025

ಪ್ರೀತಿಯ ಮಗಳು ಯಶೋಧರಾಳಿಗೆ,

ನಿನ್ನ ಅವ್ವನ ಜೈ ಭೀಮ್, ಆಶೀರ್ವಾದ. ನಾವಿಲ್ಲಿ ಹೇಗೋ ಇದ್ದೇವೆ. ನೀನು ಹುಕ್ಕೇರಿಗೆ ಮರಳಿದ ಮರುದಿನವೇ ಬರೆಯಲು ಕೂತವಳು ಇಷ್ಟು ತಡ ಮಾಡಿದೆ, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಇರುತ್ತಾರೆ.

ನಿನ್ನ ಆಯಿ, ನನ್ನತ್ತೆ, ತೀರಿಕೊಂಡು ಹದಿನೇಳು ದಿನವಾಯಿತು. ಮಣ್ಣಿಗೆ ಬಂದಾಗ ನೀನು, "ಆಯಿ ಕಡೀಕ ಏನ್ ಉಂಡ್ಲು?" ಎಂದು ಕೇಳಿದೆ. ಗಂಜಿ ಎಂದೆ. ಅದು ಸುಳ್ಳು.

ಮೂರು ದಿನದಿಂದ ನೀರು ಬಿಟ್ಟು ಏನೂ ಮುಟ್ಟದಿದ್ದ ಆಯಿ ಆ ಬೆಳಿಗ್ಗೆ ಕಣ್ಣು ತೆರೆದು, "ಕೆಂಪಿ, ಇವತ್ತ ಹುಣ್ಣಿವಿ. ಕಡಬ ಮಾಡಿ ದೇವಿ ಮುಂದ ಇಡ. ಆಮ್ಯಾಲ ನನಗ ಕೊಡ" ಎಂದಳು. ನಿಮ್ಮಪ್ಪ ಔಷಧ ತರಲು ಗೋಕಾಕಿಗೆ ಹೊರಟು ನಿಂತಿದ್ದರು. "ಕಡಬ ಮಾಡಿ ತಿನ್ನಸ. ಖರೆ, ದೇವಿ ಹೆಸರು ಈ ಮನ್ಯಾಗ ಬ್ಯಾಡ" ಎಂದು ಚಪ್ಪಲಿ ಮೆಟ್ಟಿದರು.

ಅವರದೇನು ತಪ್ಪು? ಅವರ ಅಕ್ಕ ಅಕ್ಕವ್ವನಿಗೆ ಹನ್ನೊಂದು ವರ್ಷಕ್ಕೇ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿ ದೇವದಾಸಿ ಮಾಡಿದವಳು ಹೆತ್ತ ತಾಯಿಯಾದ ಇದೇ ಆಯಿ. ಆ ಅಕ್ಕ ರೋಗ ಹಿಡಿದು ಸತ್ತ ವರ್ಷವೇ ನಿಮ್ಮಪ್ಪ ಜಗಲಿಯ ದೇವರನ್ನೆಲ್ಲ ಹೊಳೆಗೆ ಬಿಟ್ಟು ಬೌದ್ಧ ದೀಕ್ಷೆ ತೆಗೆದುಕೊಂಡದ್ದು. ಆಗ ತೊಟ್ಟಿಲಲ್ಲಿದ್ದ ನಿನಗೆ ಅದಕ್ಕೇ ಈ ಹೆಸರು.

ಇಡೋಣವೆಂದರೂ ದೇವಿ ಎಲ್ಲಿದ್ದಾಳೆ? ಆಯಿ ತನ್ನ ಟ್ರಂಕಿನ ಕಡೆ ಬೆರಳು ಮಾಡಿದಳು. ಮಗನ ಹೆಸರೆತ್ತಿ, "ಸಾತಪ್ಪಗ ಹೇಳಬ್ಯಾಡ" ಎಂದಳು. ಸೀರೆಗಳ ತಳದಲ್ಲಿ ದೇವಿಯ ಸಣ್ಣ ಹಿತ್ತಾಳೆ ಮುಖ. ಇಪ್ಪತ್ತೆಂಟು ವರ್ಷ ಬಚ್ಚಿಟ್ಟಿದ್ದಳು!

ಕಣಕ ನಾದಿ, ಹೂರಣ ತುಂಬಿ, ಐದು ಕಡುಬನ್ನು ಆ ಮುಖದ ಮುಂದಿಟ್ಟು ಕೂತೆ. ದೇವಿಗೆ ಉಧೋ ಉಧೋ ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಬಂದದ್ದು ಬುದ್ಧಂ ಶರಣಂ ಗಚ್ಛಾಮಿ. ಆಯಿ ಅದಕ್ಕೇ ಕೈ ಮುಗಿದು ಅರ್ಧ ಕಡುಬು ತಿಂದಳು. ಮರುದಿನ ನಸುಕಿನಲ್ಲಿ ಹೋದಳು.

ಆಗಿನಿಂದ ನನಗೊಂದೂ ತಿಳಿಯದಾಗಿದೆ. ಅಕ್ಕವ್ವನನ್ನು ನುಂಗಿದ ದೇವಿಗೆ ನನ್ನ ಕೈಯಾರೆ ಎಡೆ ಇಟ್ಟೆನೋ, ಸಾಯುವ ಮುದುಕಿಗೆ ಉಣಿಸಿದೆನೋ? ಬುದ್ಧ ಪೂರ್ಣಿಮೆಯ ಖೀರಿಗೂ ನಾನು ಆಯಿ ದೇವಿಯ ಎಡೆಗೆಂದು ಕಲಿಸಿದಂತೆಯೇ ಚಿಟಿಕೆ ಉಪ್ಪು ಹಾಕುತ್ತೇನೆ. ಹಾಗಾದರೆ ಅದು ಯಾರ ಖೀರು? ಆ ಹಿತ್ತಾಳೆ ಮುಖವನ್ನು ಹೊಳೆಗೆ ಬಿಡಲು ಹೋಗಿ ಎರಡು ಸಲ ಹಿಂದಿರುಗಿ ಬಂದೆ. ನೀನು ಶಾಲೆಯಲ್ಲಿ ಕಲಿಸುವವಳು, ಬೈದರೂ ಸರಿ, ಏನಾದರೂ ಹೇಳು.

ಹೊತ್ತಿಗೆ ಸರಿಯಾಗಿ ಉಣ್ಣು. ಬಿಸಿಲಲ್ಲಿ ತಿರುಗಬೇಡ. ನಿನ್ನ ಬಾಳು ತಂಪಾಗಿರಲಿ.

ನಿನ್ನ ಅವ್ವ,
ಕೆಂಪವ್ವ

ತಾ.ಕ.: ಬರೆಯಬೇಕಾದದ್ದನ್ನೇ ಬರೆದಿಲ್ಲ. ಆ ಸಂಜೆ ನಿಮ್ಮಪ್ಪ ಬಂದು ಹಾಸಿಗೆಯ ಬಳಿ ಕೂತಾಗ ಆಯಿ ಒಂದು ಕಡುಬು ಮುರಿದು ಅವರ ಬಾಯಿಗೆ ಹಿಡಿದಳು. ಅಕ್ಕವ್ವ ಸತ್ತಂದಿನಿಂದ ಅವರು ತಾಯಿಯ ಕೈಯಿಂದ ಒಂದು ತುತ್ತೂ ತಿಂದವರಲ್ಲ. ಅಂದು ತಿಂದರು, ಬಿಕ್ಕಿ ಬಿಕ್ಕಿ ಅತ್ತರು. ಈಗ ಮಾತಾಡಿಸಲು ಬಂದವರಿಗೆಲ್ಲ, "ನಮ್ಮವ್ವ ಹೋಗೂಮುಂದ ನನಗ ತುತ್ತು ಕೊಟ್ಟ ಹೋದ್ಲು" ಎನ್ನುತ್ತಾರೆ. ಅದು ದೇವಿಗೆ ಇಟ್ಟ ಎಡೆಯೆಂದು ಆಯಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಅವರಿಗೆ ಗೊತ್ತಿಲ್ಲ. ಹೇಳಲೇ, ಯಶೋಧರಾ?