ಎಪ್ಪತ್ತೆರಡು ದಿನ ಕಾದ ಥೋರಿಯಂ ಪೆಟ್ಟಿಗೆ

ಮಾನ್ಯ ಸರಕು ತಪಾಸಣಾ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿ ಒಂದು ಪೆಟ್ಟಿಗೆಯನ್ನು ಎಪ್ಪತ್ತೆರಡು ದಿನ ಕಪಾಟಿನಲ್ಲಿ ಇಟ್ಟುಕೊಂಡಿತು. ಒಳಗಿದ್ದ ವಸ್ತುವಿನ ಎಂಟು ಪಾಲಿನಲ್ಲಿ ಏಳು ಪಾಲು ತಾನಾಗಿಯೇ ಇಲ್ಲವಾದ ಮೇಲೆ, "ಅಪಾಯಕಾರಿಯಾದದ್ದೇನೂ ಕಂಡುಬಂದಿಲ್ಲ" ಎಂಬ ಪ್ರಮಾಣಪತ್ರ ಅಂಟಿಸಿ ಬಿಟ್ಟುಕೊಟ್ಟಿತು. ನನ್ನ ದೂರು ಇಷ್ಟೇ. ಪತ್ರ ಮಾತ್ರ ಸ್ವಲ್ಪ ಉದ್ದವಾಗುತ್ತದೆ. ಅಷ್ಟು ದಿನ ಕಾಯಿಸಿದವರಿಗೆ ಹತ್ತು ನಿಮಿಷದ ಓದು ಭಾರವಾಗಲಾರದು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಏಕೆ ಎಂದು ಕೇಳಬಹುದು. ಇಂಗ್ಲಿಷಿನಲ್ಲಿ ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ಒಂದೇ ನಿಮಿಷದಲ್ಲಿ, ಒಂದೇ ಉತ್ತರ ಬಂತು: ನನ್ನ ಅಭಿಪ್ರಾಯ ನಿಮಗೆ ಅಮೂಲ್ಯವಂತೆ. ಒಂದೇ ನಿಮಿಷದಲ್ಲಿ ಬೆಲೆ ಕಟ್ಟಿದ ನಿಮ್ಮ ಯಂತ್ರಕ್ಕೆ ನಮಸ್ಕಾರ. ಹಾಗಾಗಿ ಐದನೆಯದನ್ನು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕೊಡುತ್ತಿದ್ದೇನೆ. ನೀವು ಓದದಿದ್ದರೂ ನಮ್ಮ ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನಿಂದ ರಾಬಿನ್ಸ್‌ವಿಲ್‌ವರೆಗೆ ಒಂದಿಷ್ಟು ಮನೆಗಳಲ್ಲಾದರೂ ಓದುತ್ತಾರೆ.

ನನ್ನ ಹೆಸರು ರಹಮತ್ ಉಲ್ಲಾ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿದವನು, ಎಡಿಸನ್‌ಗೆ ಬಂದು ಇಪ್ಪತ್ತೊಂದು ವರ್ಷವಾಯಿತು. ಮೂರು ವ್ಯಾನ್ ಇಟ್ಟುಕೊಂಡು ಆಸ್ಪತ್ರೆ, ಪ್ರಯೋಗಾಲಯಗಳ ಪಾರ್ಸೆಲ್ ಸಾಗಿಸುತ್ತೇನೆ. ರಕ್ತದ ಸೀಸೆ ಒಯ್ದಿದ್ದೇನೆ, ಮಣ್ಣು ಒಯ್ದಿದ್ದೇನೆ, ಒಮ್ಮೆ ಜೀವಂತ ಏಡಿಗಳನ್ನೂ ಒಯ್ದಿದ್ದೇನೆ. ಒಂಬತ್ತು ವರ್ಷಗಳಿಂದ ಇಲ್ಲಿನ ಒಂದು ವಿಶ್ವವಿದ್ಯಾಲಯದ ಸಮುದ್ರ ರಸಾಯನ ಪ್ರಯೋಗಾಲಯಕ್ಕೂ ನಾನೇ ಸಾಗಣೆದಾರ. ಅಲ್ಲಿ ಪಿಎಚ್‌ಡಿ ಮಾಡುತ್ತಿರುವ ಅವನಿ ಎಂಬ ಹುಡುಗಿಯದು ಈ ಪೆಟ್ಟಿಗೆ. ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಸಿಟ್ಟು ಬಂದಾಗ ಮಾತ್ರ ಅಚ್ಚ ಮೈಸೂರು ಕನ್ನಡ. ಕಳೆದ ಬೇಸಿಗೆಯಲ್ಲಿ ಅವಳ ಕನ್ನಡ ಬಹಳ ಸುಧಾರಿಸಿತು. ಅದಕ್ಕೆ ನಿಮ್ಮ ಕಚೇರಿಗೆ ಸಂಘದ ಪರವಾಗಿ ಕೃತಜ್ಞತೆ.

ಪೆಟ್ಟಿಗೆಯಲ್ಲಿ ಏನಿತ್ತು ಎಂದು ಎಪ್ಪತ್ತೆರಡು ದಿನದಲ್ಲಿ ಫಾರಂ ಬಿಟ್ಟರೆ ನಿಮ್ಮವರು ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ. ಸಮುದ್ರದ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಗಾಳಿಯ ಇಂಗಾಲವನ್ನು ತಿಂದು ಬೆಳೆಯುತ್ತವೆ. ಅವು ಸತ್ತಾಗ, ಅಥವಾ ಅವನ್ನು ತಿಂದ ಪ್ರಾಣಿಗಳು ಹಿಕ್ಕೆ ಹಾಕಿದಾಗ, ಆ ಇಂಗಾಲದಲ್ಲಿ ಸ್ವಲ್ಪ ಪಾಲು ಆಳಕ್ಕೆ ಮುಳುಗುತ್ತದೆ. ಎಷ್ಟು ಮುಳುಗುತ್ತದೆ ಎಂದು ತಿಳಿಯಬೇಕು. ನಾವು ಹೊಗೆ ಬಿಡುವುದನ್ನು ನಿಲ್ಲಿಸುವ ಲಕ್ಷಣವಿಲ್ಲವಾದ್ದರಿಂದ, ಸಮುದ್ರ ಎಷ್ಟು ನುಂಗಿಕೊಳ್ಳುತ್ತಿದೆ ಎಂದಾದರೂ ಗೊತ್ತಿರಬೇಡವೇ? ಆದರೆ ಕಿಲೋಮೀಟರ್‌ಗಟ್ಟಲೆ ಆಳದ ನೀರಿನಲ್ಲಿ ಧೂಳಿನ ಕಣ ಉದುರುವುದನ್ನು ಕೂತು ನೋಡುವವರು ಯಾರು?

ಅದಕ್ಕೆ ಇವರು ಥೋರಿಯಂ-೨೩೪ ಎಂಬುದನ್ನು ಹಿಂಬಾಲಿಸುತ್ತಾರೆ. ಸಮುದ್ರದ ನೀರಿನಲ್ಲಿ ಮೊದಲಿನಿಂದಲೂ ಯುರೇನಿಯಂ ಕರಗಿಕೊಂಡಿದೆ, ಯಾರೂ ತಂದು ಸುರಿದದ್ದಲ್ಲ. ಅದರಿಂದ ಈ ಥೋರಿಯಂ ಸದಾ ಹುಟ್ಟುತ್ತಿರುತ್ತದೆ. ಯುರೇನಿಯಂ ನೀರಿನಲ್ಲೇ ಉಳಿಯುತ್ತದೆ, ಥೋರಿಯಂ ಸಿಕ್ಕ ಕಣಕ್ಕೆ ಅಂಟಿಕೊಂಡು ಅದರ ಜೊತೆಗೇ ಮುಳುಗುತ್ತದೆ. ಎಷ್ಟಿರಬೇಕಿತ್ತು, ಎಷ್ಟಿದೆ ಎಂದು ಅಳೆದರೆ ಎಷ್ಟು ಕೆಳಗೆ ಹೋಯಿತು ಎಂದು ಸಿಗುತ್ತದೆ. ಕಣಗಳಲ್ಲಿ ಥೋರಿಯಂಗೆ ಎಷ್ಟು ಇಂಗಾಲ ಜೊತೆಯಾಗಿದೆ ಎಂದು ನೋಡಿದರೆ ಇಂಗಾಲದ ಲೆಕ್ಕವೂ ಸಿಗುತ್ತದೆ. ಅವನಿ ಇದನ್ನು ಹೇಳಿದಾಗ ನನಗೆ ತಕ್ಷಣ ಅರ್ಥವಾಯಿತು. ಬೆಳಿಗ್ಗೆ ವ್ಯಾನಿಗೆ ಎಷ್ಟು ಪಾರ್ಸೆಲ್ ಏರಿಸಿದೆ, ಸಂಜೆ ಎಷ್ಟು ಉಳಿದಿದೆ ಎಂದು ನೋಡಿ ಎಷ್ಟು ತಲುಪಿಸಿದೆ ಎಂದು ಹೇಳುವವನು ನಾನು.

ಒಂದೇ ತೊಡಕು. ಈ ಥೋರಿಯಂ ಇಪ್ಪತ್ತನಾಲ್ಕು ದಿನದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇನ್ನಿಪ್ಪತ್ತನಾಲ್ಕು ದಿನಕ್ಕೆ ಉಳಿದದ್ದರಲ್ಲೂ ಅರ್ಧ. ಬೇಗ ಎಣಿಸಿದರೆ ಉಂಟು, ತಡಮಾಡಿದರೆ ಇಲ್ಲ.

ಅವನಿ ಏಪ್ರಿಲ್ ಕೊನೆಯಲ್ಲಿ ಹಡಗು ಹತ್ತಿ ಉತ್ತರ ಅಟ್ಲಾಂಟಿಕ್‌ಗೆ ಹೋದಳು. ಎರಡನೇ ವಾರದ ಬಿರುಗಾಳಿಯಲ್ಲಿ ಹಡಗಿನಲ್ಲಿದ್ದ ಎಣಿಕೆಯ ಯಂತ್ರ ಕಿತ್ತು ಬಿದ್ದು ಕೆಟ್ಟಿತು. ಅವಳು ಎದೆಗುಂದಲಿಲ್ಲ. ನೀರು ಎತ್ತಿ, ಸೋಸಿ, ನಾಣ್ಯದಷ್ಟಗಲದ ಅರವತ್ತನಾಲ್ಕು ಸೋಸುಕಾಗದಗಳನ್ನು ಒಣಗಿಸಿ, ಹಡಗು ಐಸ್‌ಲ್ಯಾಂಡ್ ಮುಟ್ಟಿದ ಕೂಡಲೇ ವಿಮಾನದಲ್ಲಿ ಕಳಿಸಿದಳು. ಉಪಕರಣ ಇಳಿಸುವ ಕೆಲಸವಿದ್ದುದರಿಂದ ಅವಳು ಒಂದು ವಾರ ಅಲ್ಲೇ ಉಳಿಯಬೇಕಿತ್ತು. ಅಲ್ಲಿಂದಲೇ ಫೋನ್ ಮಾಡಿದಳು: "ಅಂಕಲ್, ಬಾಕ್ಸ್ ಸ್ಟ್ರೈಟ್ ಆಗಿ ಲ್ಯಾಬ್‌ಗೆ ಹೋಗ್ಬೇಕು. ಪ್ಲೀಸ್, ಎಲ್ಲೂ ನಿಲ್ಬಾರ್ದು."

"ನೀನು ಆರಾಮಾಗಿರಮ್ಮ, ಮಧ್ಯಾಹ್ನದೊಳಗೆ ತಲುಪಿಸ್ತೀನಿ," ಎಂದೆ. ಇಪ್ಪತ್ತೊಂದು ವರ್ಷದಲ್ಲಿ ನಾನು ಕೊಟ್ಟ ಮಾತುಗಳಲ್ಲಿ ಇಷ್ಟು ಕೆಟ್ಟುಹೋದದ್ದು ಇನ್ನೊಂದಿಲ್ಲ.

ಜೂನ್ ಮೂರರಂದು ನಿಮ್ಮ ಕೌಂಟರಿಗೆ ಬಂದೆ. ಫಾರಂ ಕೊಟ್ಟರು. "ಒಳಗಿರುವುದೇನು?" ಎಂಬ ಖಾನೆ. ಅವನಿ ನನಗೆ ಹೇಳಿಕೊಟ್ಟಿದ್ದು "ಸಮುದ್ರದ ನೀರು ಸೋಸಿದ ಒಣ ಕಾಗದ" ಎಂದು ಮಾತ್ರ. ಅದು ಸತ್ಯವೇ. ಆದರೆ ಖಾನೆಯಲ್ಲಿ ಇನ್ನೂ ಎರಡು ಸಾಲು ಖಾಲಿ ಉಳಿದಿತ್ತು. ಖಾಲಿ ಬಿಟ್ಟರೆ ಏನೋ ಮುಚ್ಚಿಟ್ಟಂತೆ ಎಂದುಕೊಂಡು, ಪೆಟ್ಟಿಗೆಯ ಮೇಲಿದ್ದ ಚೀಟಿ ನೋಡಿ, ಅಂದವಾದ ಅಕ್ಷರದಲ್ಲಿ "ಥೋರಿಯಂ-೨೩೪ ಅಳೆಯಲು" ಎಂದು ಸೇರಿಸಿದೆ. ಹೌದು ಸ್ವಾಮಿ, ಬರೆದವನು ನಾನೇ. ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ನಾಸಿರಾ ಕೇಳಿದ್ದು ಒಂದೇ ಪ್ರಶ್ನೆ: "ಸ್ಕೂಲಲ್ಲೂ ಹಿಂಗೇನಾ? ಕೇಳಿದ್ದಕ್ಕಿಂತ ಒಂದು ಪುಟ ಜಾಸ್ತಿ ಬರೀತಿದ್ರಾ?"

ಆ ಪದ ಕಂಡದ್ದೇ ಕೌಂಟರಿನಲ್ಲಿದ್ದ ನಿಮ್ಮ ಸಿಬ್ಬಂದಿ ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿದರು. ಅವರು ಮೊಣಕೈ ಊರಿದ್ದ ಗ್ರಾನೈಟ್ ಚಪ್ಪಡಿಯಲ್ಲಿ ನಮ್ಮ ಪೆಟ್ಟಿಗೆಗಿಂತ ಎಷ್ಟೋ ಪಾಲು ಹೆಚ್ಚು ಥೋರಿಯಂ ಇದೆ ಎಂದು ಆಗ ನನಗೂ ತಿಳಿದಿರಲಿಲ್ಲ, ಅವರಿಗಂತೂ ಮೊದಲೇ ಇಲ್ಲ. "ಪರಿಶೀಲನೆಗೆ ಹೋಗುತ್ತದೆ," ಎಂದರು. ಎಷ್ಟು ದಿನ ಎಂದೆ. "ಅದು ಪರಿಶೀಲನೆಯ ಮೇಲೆ ಅವಲಂಬಿಸಿದೆ," ಎಂದರು.

ಮುಂದೆ ನಡೆದದ್ದನ್ನು ನೀವೇ ಕಲ್ಪಿಸಿಕೊಳ್ಳಬಲ್ಲಿರಿ, ನಿಮ್ಮದೇ ಕಚೇರಿ. ವಿಶ್ವವಿದ್ಯಾಲಯ ಕಾಗದ ಕಳಿಸಿತು. ಕಾಗದ ತಪ್ಪು ಮೇಜಿಗೆ ಹೋಯಿತು. ಸರಿಯಾದ ಮೇಜಿನವರು ರಜೆಯಲ್ಲಿದ್ದರು. ರಜೆ ಮುಗಿಸಿ ಬಂದವರು ಒಂದು ಪ್ರಮಾಣಪತ್ರ ಕೇಳಿದರು. ವಸ್ತು ವಿಕಿರಣಶೀಲ ಹೌದೋ ಅಲ್ಲವೋ, ಒಂದೇ ಪದದಲ್ಲಿ ತಿಳಿಸಬೇಕಂತೆ. ಅವನಿ ಹೇಳಿದಳು: "ಹೌದು ಅಂದ್ರೆ ಹೆದರ್ತಾರೆ, ಅಲ್ಲ ಅಂದ್ರೆ ಸುಳ್ಳು. ಸಮುದ್ರದ ನೀರಲ್ಲೆಲ್ಲ ಅಷ್ಟು ವಿಕಿರಣ ಇರೋದೇ, ಅಂಕಲ್. ಹಾಗಾದ್ರೆ ಬೀಚ್‌ಗೂ ಪರ್ಮಿಟ್ ತಗೋಬೇಕಾ?" ಅವಳ ಪ್ರಶ್ನೆಯನ್ನು ನಿಮಗೆ ದಾಟಿಸಿದ್ದೇನೆ. ನ್ಯೂಜೆರ್ಸಿಯ ಕಡಲತೀರ ಉದ್ದವಾಗಿದೆ, ದಯವಿಟ್ಟು ಉತ್ತರ ಯೋಚಿಸಿ ಕೊಡಿ.

ನಾನು ಹನ್ನೊಂದು ಸಲ ಬಂದೆ. ಏಳನೆಯ ಸಲ ಜೊತೆಗೆ ಅವನಿಯೂ ಬಂದಿದ್ದಳು. ನಿಮ್ಮ ಸಿಬ್ಬಂದಿ ಒಳ್ಳೆಯವರು, ನಮ್ಮನ್ನು ನೋಡಿ ಅವರಿಗೂ ಬೇಸರವಾಗಿತ್ತು. ಗಾಜಿನ ಹತ್ತಿರ ಬಾಗಿ, ದನಿ ತಗ್ಗಿಸಿ ಅಂದರು: "ಮುಂದಿನ ಸಲ ಬರೀ 'ಕಾಗದ' ಅಂತ ಬರೆಯಿರಿ. ಯಾರೂ ಕೇಳುವುದಿಲ್ಲ."

ಮಾನ್ಯರೇ, ಈ ಪತ್ರ ಬರೆಸಿದ್ದು ಆ ಮಾತು. ತಡವನ್ನು ನಾನು ಸಹಿಸಬಲ್ಲೆ, ಪಾರ್ಸೆಲ್ ಧಂದೆಯೇ ಹಾಗೆ. ಆದರೆ ಅಪಾಯಕಾರಿ ವಸ್ತು ಒಳಗೆ ಬಾರದಂತೆ ಕಾಯಲು ಕೂತ ಕಚೇರಿಯೊಂದು, ಇದ್ದದ್ದನ್ನು ಇದ್ದಂತೆ ಬರೆದವನ ಪೆಟ್ಟಿಗೆ ತಡೆದು, ಮುಚ್ಚಿಟ್ಟವನನ್ನು ನಗುತ್ತಾ ಕಳಿಸುತ್ತದೆ ಎಂದರೆ, ಅದು ಯಾರನ್ನು ಕಾಯುತ್ತಿದೆ? ನಿಜವಾಗಿಯೂ ಕೆಟ್ಟದ್ದನ್ನು ತರುವವನು "ಕಾಗದ" ಎಂದೇ ಬರೆಯುತ್ತಾನಲ್ಲವೇ?

ಅಂದು ಹಿಂತಿರುಗುವಾಗ ವ್ಯಾನಿನಲ್ಲಿ ನಾನು ಅವನಿಯ ಮುಂದೆ ತಪ್ಪೊಪ್ಪಿಕೊಂಡೆ. ಅಷ್ಟು ದಿನವೂ ಚೀಟಿಯ ಪದವನ್ನು ಫಾರಂಗೆ ಇಳಿಸಿದ್ದು ನಾನೇ ಎಂದು ಹೇಳಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಅವಳು ಕೇಳಿದಳು, "ಇನ್ನೂರ ಮೂವತ್ತನಾಲ್ಕು ಅಂತಾನೂ ಬರೆದ್ರಾ?"

"ಬರೆದೆ ಕಣಮ್ಮ."

"ಹೆಚ್ಚಿನೋರು ಅದನ್ನ ಬಿಟ್ಟೇಬಿಡ್ತಾರೆ," ಎಂದು ನಕ್ಕಳು. ನಗು ಮುಗಿಯುವ ಮೊದಲೇ ಅಳು ಬಂದುಬಿಟ್ಟಿತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, "ನೀವು ಸರಿಯಾಗೇ ಬರೆದಿದ್ದೀರಿ, ಅಂಕಲ್. ನಿಮ್ಮ ಜಾಗದಲ್ಲಿ ನಾನಿದ್ರೂ ಅದೇ ಬರೀತಿದ್ದೆ," ಎಂದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಗಸ್ಟ್ ಹದಿನಾಲ್ಕರಂದು ನಿಮ್ಮ ಅಧಿಕಾರಿಯೊಬ್ಬರು ಕೈಯಲ್ಲಿ ಹಿಡಿಯುವ ವಿಕಿರಣ ಮೀಟರ್ ತಂದು ಪೆಟ್ಟಿಗೆಯ ಸುತ್ತ ಆಡಿಸಿದರು. ನಾಲ್ಕು ನಿಮಿಷ. ಗೋಡೆಗೆ ಹಿಡಿದಾಗ ಎಷ್ಟು ತೋರಿಸಿತೋ ಪೆಟ್ಟಿಗೆಗೂ ಅಷ್ಟೇ ತೋರಿಸಿತು. ಮೊದಲ ದಿನವೇ ಹಿಡಿದಿದ್ದರೂ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತಿತ್ತು. ಪ್ರಯೋಗಾಲಯದ ಸೂಕ್ಷ್ಮ ಯಂತ್ರಕ್ಕೆ, ಅದೂ ದಪ್ಪ ಸೀಸದ ಗೋಡೆಯೊಳಗೆ, ಮಾತ್ರ ಕಾಣುವಷ್ಟು ಅಲ್ಪ ಅದು. ಆ ಮೀಟರ್ ಎಲ್ಲಿತ್ತು ಎಂದು ಕೇಳಿದೆ. ಕೌಂಟರಿನ ಕೆಳಗಿನ ಡ್ರಾಯರಿನಲ್ಲಂತೆ.

ಮುಂದೆ ಅವನಿ ಪಟ್ಟ ಪಾಡನ್ನೂ ಹೇಳಬೇಕು. ಒಂದೊಂದು ಕಾಗದಕ್ಕೆ ಕೆಲವು ಗಂಟೆ ಸಾಕಾಗಬೇಕಿದ್ದ ಎಣಿಕೆಗೆ ಒಂದೊಂದು ಇಡೀ ದಿನ ಬೇಕಾಯಿತು. ಯಂತ್ರದಲ್ಲಿ ಇರುವುದು ಐದೇ ತಟ್ಟೆ, ಒಂದು ಸಲಕ್ಕೆ ಐದೇ ಕಾಗದ. ಅರವತ್ತನಾಲ್ಕರಲ್ಲಿ ನಲವತ್ತೊಂದು ಕಾಗದ ಉಳಿದವು. ಹೋದ ಇಪ್ಪತ್ತಮೂರು ಯಾವುವು ಎಂದು ಕೇಳಿ. ಮೇಲಿನ ನೂರು ಮೀಟರಿನವು. ಹಡಗು ಹುಡುಕಿಕೊಂಡು ಹೋಗಿದ್ದ ವಸಂತದ ಹಸಿರು ನೀರಿನವು. ಅಲ್ಲಿ ಇಂಗಾಲ ಬಹಳ ಮುಳುಗಿತ್ತು, ಅದರೊಂದಿಗೆ ಥೋರಿಯಂ ಕೂಡ ಮುಳುಗಿ ನೀರಿನಲ್ಲಿ ಕಡಿಮೆ ಉಳಿದಿತ್ತು. ಕಡಿಮೆ ಇದ್ದದ್ದೇ ಮೊದಲು ಅಳತೆಗೆ ಸಿಗದೆ ಹೋಯಿತು. ಅವಳು ಯಾವುದನ್ನು ಅಳೆಯಲು ಮೂವತ್ತೈದು ದಿನ ವಾಂತಿ ಮಾಡುತ್ತಾ ಹಡಗಿನಲ್ಲಿದ್ದಳೋ, ಸರಿಯಾಗಿ ಅದೇ ಹೋಯಿತು. ಕಪಾಟಿನಲ್ಲಿ ಇಟ್ಟವರಿಗೆ ಇಷ್ಟು ಆರಿಸಿ ಕೆಡಿಸಲು ಬಯಸಿದ್ದರೂ ಸಾಧ್ಯವಾಗುತ್ತಿರಲಿಲ್ಲ.

ಅವಳು ಕೆಲಸ ಬಿಡಲಿಲ್ಲ. ಉಳಿದ ನಲವತ್ತೊಂದರಲ್ಲಿ ಒಂದು ಅಧ್ಯಾಯ ಬರೆದಿದ್ದಾಳೆ. ಹೋದದ್ದಕ್ಕಾಗಿ ಇನ್ನೊಂದು ವರ್ಷ ಉಳಿಯುತ್ತಾಳೆ. ವಸಂತ ವರ್ಷಕ್ಕೊಂದೇ ಸಲ ಬರುತ್ತದೆ, ಅದಕ್ಕೆ ಮರುಅರ್ಜಿ ಹಾಕುವ ಖಾನೆ ನಿಮ್ಮ ಫಾರಂನಲ್ಲೂ ಇಲ್ಲ.

ಬರುವ ಏಪ್ರಿಲ್‌ನಲ್ಲಿ ಅವಳು ಮತ್ತೆ ಹೊರಡುತ್ತಾಳೆ. ಪೆಟ್ಟಿಗೆ ಮೇ ಕೊನೆಗೆ ನಿಮ್ಮಲ್ಲಿಗೆ ಬರುತ್ತದೆ. ಆದ್ದರಿಂದ ನನ್ನ ಬೇಡಿಕೆ, ಯಾವ ಯಂತ್ರವೂ ಅಮೂಲ್ಯವೆಂದು ಹೊಗಳಿ ಬದಿಗಿಡಲಾಗದಷ್ಟು ಸರಳವಾಗಿ: ಫಾರಂನಲ್ಲಿ ಹೆದರಿಸುವ ಪದ ಕಂಡ ದಿನವೇ ಪೆಟ್ಟಿಗೆಯನ್ನು ಅಳೆಯಿರಿ. ಮಿತಿ ಮೀರಿದ್ದರೆ ತಡೆಯಿರಿ, ನಾನೇ ಚಪ್ಪಾಳೆ ತಟ್ಟುತ್ತೇನೆ. ಮೀರದಿದ್ದರೆ ಸಂಜೆಯೊಳಗೆ ಕೊಡಿ. ಈ ನಿಯಮ ಬರವಣಿಗೆಯಲ್ಲಿ ಬರಲಿ, ಕೆಳಗೆ ಒಬ್ಬ ಮನುಷ್ಯನ ಹೆಸರೂ ಅವರ ಫೋನ್ ನಂಬರೂ ಇರಲಿ. ಯಾಕೆಂದರೆ ಮೇ ತಿಂಗಳಲ್ಲಿ ಅವನಿ ತಾನೇ ಬಂದು ಫಾರಂ ತುಂಬುತ್ತಾಳಂತೆ, ಎರಡು ಸಾಲನ್ನೂ ಪೂರ್ತಿ. ನಾನು ಹೊರಗೆ ವ್ಯಾನಿನ ಎಂಜಿನ್ ಚಾಲೂ ಇಟ್ಟುಕೊಂಡು ಕಾಯುತ್ತಿರುತ್ತೇನೆ.

ಇಂತಿ,
ಅಂದವಾದ ಅಕ್ಷರದಿಂದಲೇ ಅನರ್ಥ ಮಾಡಿಕೊಂಡ ಪಾರ್ಸೆಲ್‌ನವ,
ರಹಮತ್ ಉಲ್ಲಾ
ಎಡಿಸನ್, ನ್ಯೂಜೆರ್ಸಿ